ನಲವತ್ತೊಂದು ಗೈರು

“ನಿಮ್ಮ ಕಣ್ಣೇನು ನೆತ್ತಿ ಮೇಲಿತ್ತಾ? ನಲವತ್ತೊಂದು ದಿನ! ನಲವತ್ತೊಂದು ದಿನ ನನ್ನ ಮಗಳು ನಿಮ್ಮೆದುರಿಗೇ ಮೊದಲನೇ ಬೆಂಚಲ್ಲಿ ಕೂತಿದ್ಲು. ಬಂದೇ ಇಲ್ಲ ಅಂತ ಬರೀತೀರಾ?”

“ಧ್ವನಿ ತಗ್ಗಿಸಿ ಮಾತಾಡಿ. ಇದು ಬಸ್ ಸ್ಟ್ಯಾಂಡ್ ಅಲ್ಲ.”

“ಬಸ್ ಸ್ಟ್ಯಾಂಡೇ ವಾಸಿ ಕಣ್ರೀ. ನನ್ನ ಬಸ್ಸಲ್ಲಿ ಬಾಯಿ ಬಿಡದೋರಿಗೂ ಟಿಕೆಟ್ ಕೊಡ್ತೀನಿ. ನಾನು ಎಣಿಸೋದು ತಲೆ, ನಾಲಿಗೆ ಅಲ್ಲ.”

ಹೆಡ್‌ಮಾಸ್ತರರ ಕೋಣೆಯ ಕಿಟಕಿಗೆ ಆಗಲೇ ಐದಾರು ಮಕ್ಕಳ ಮೂಗು ಅಂಟಿಕೊಂಡಿತ್ತು. ಒಳಗೆ ಒಂದು ಕಡೆ ಖಾಕಿ ಅಂಗಿ ತೊಟ್ಟು, ಹೆಗಲಿಗೆ ಟಿಕೆಟ್ ಯಂತ್ರದ ಚೀಲ ನೇತುಹಾಕಿಕೊಂಡ ಕಂಡಕ್ಟರಮ್ಮ. ಇನ್ನೊಂದು ಕಡೆ ಆರನೇ ತರಗತಿಯ ಕ್ಲಾಸ್ ಟೀಚರು, ಗಣಿತ ಹೇಳಿಕೊಡುವವರು. ಮಕ್ಕಳು ಅವರಿಗೆ ಇಟ್ಟ ಹೆಸರು ಮೆಣಸಿನಕಾಯಿ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. ಸಿಹಿಗುಂಬಳ ಅನ್ನಿಸಿಕೊಳ್ಳುವುದಕ್ಕಿಂತ ಮೇಲು ಅಂದುಕೊಂಡಿದ್ದರು. ಇಬ್ಬರ ನಡುವೆ ಮೇಜಿನ ಹಿಂದೆ ಹೆಡ್‌ಮಾಸ್ತರು, ಎರಡು ಬಸ್ಸಿನ ನಡುವೆ ಸಿಕ್ಕಿದ ಸೈಕಲ್ಲಿನಂತೆ ಕೂತಿದ್ದರು.

ಮೇಜಿನ ಮೇಲೆ ಮೇಲಿನ ಕಚೇರಿಯಿಂದ ಬಂದ ಕಾಗದ. ಆರನೇ ತರಗತಿಯ ಹದಿನೇಳನೇ ನಂಬರಿನ ಹುಡುಗಿ ಸೇರಿದ ದಿನದಿಂದ ಒಂದು ದಿನವೂ ಶಾಲೆಗೆ ಬಂದಿಲ್ಲವಾದ್ದರಿಂದ, ಅವಳ ಹೆಸರು ತೆಗೆದು ಊರಾಚೆಯ ಪ್ರತ್ಯೇಕ ಕೇಂದ್ರಕ್ಕೆ ಕಳಿಸುವ ಬಗ್ಗೆ ಮುಂದಿನ ಶನಿವಾರ ಸಭೆ ಸೇರಬೇಕು ಅಂತ ಅದರಲ್ಲಿತ್ತು.

“ನಾನು ಕೂಗ್ತೀನಿ, ಅವಳು ಮಾತಾಡಲ್ಲ” ಎಂದರು ಟೀಚರು. “ಕೂಗಿದಾಗ ‘ಪ್ರೆಸೆಂಟ್’ ಅನ್ನದೋರು ನನ್ನ ಲೆಕ್ಕದಲ್ಲಿ ಬಂದಿಲ್ಲ. ಇಪ್ಪತ್ತಾರು ವರ್ಷದಿಂದ ಇದೇ ಕಾನೂನು. ನಿಮ್ಮ ಮಗಳಿಗೊಂದು, ಮಿಕ್ಕೋರಿಗೊಂದು ಮಾಡೋಕಾಗಲ್ಲ.”

“ಅವಳಿಗೆ ಆಟಿಸಂ ಇದೆ ಅಂತ ಸೇರಿಸೋವಾಗಲೇ ಹೇಳಿದ್ದೀನಲ್ರೀ.”

“ಆಟಿಸಂ ಇದ್ರೆ ‘ಪ್ರೆಸೆಂಟ್’ ಅನ್ನೋಕೆ ಬರಲ್ವಾ?”

“ಬಂದಿದ್ರೆ ನಾನ್ಯಾಕೆ ಡ್ಯೂಟಿ ಬಿಟ್ಟು ನಿಮ್ಮ ಮುಖ ನೋಡೋಕೆ ಬರ್ತಿದ್ದೆ?”

ಹೆಡ್‌ಮಾಸ್ತರು ಎರಡೂ ಕೈ ಎತ್ತಿದರು. “ಅಮ್ಮಾ, ಸಮಾಧಾನ. ಸೋಮವಾರದಿಂದ ನಮ್ಮ ಟೀಚರುಗಳಿಗೆ ಮೂರು ದಿನ ಇದರದ್ದೇ ತರಬೇತಿ ಇದೆ. ಎಲ್ಲಾ ಕಲೀತಾರೆ. ಶನಿವಾರದ ಸಭೇಲಿ ಏನಾದ್ರೂ ದಾರಿ ಮಾಡೋಣ.”

“ಮೂರು ದಿನದಲ್ಲಿ ಕಣ್ಣು ಬರುತ್ತಾ?” ಎಂದು ಕಂಡಕ್ಟರಮ್ಮ ಚೀಲ ಸರಿಪಡಿಸಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ತಿರುಗಿ, “ಆ ಕೇಂದ್ರ ಎರಡು ಬಸ್ ದೂರ. ನನ್ನ ಮಗಳಿಗೆ ಚಪ್ಪಲಿ ಬದಲಾದ್ರೇ ಎರಡು ದಿನ ಊಟ ಸೇರಲ್ಲ. ಅದನ್ನೂ ನಿಮ್ಮ ರಿಜಿಸ್ಟರಲ್ಲಿ ಬರಕೊಳ್ಳಿ” ಅಂದಳು.

ಟೀಚರು ರಿಜಿಸ್ಟರನ್ನು ಎದೆಗವಚಿಕೊಂಡು ನಿಂತಿದ್ದರು.

ಆ ರಿಜಿಸ್ಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾಜರಿ ಪುಸ್ತಕದಲ್ಲಿ ತಪ್ಪಾದರೆ ಅದರ ಮೇಲೇ ತಿದ್ದಬಾರದು, ಬಿಳಿ ಹಚ್ಚಬಾರದು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬರೆದು, ಒಂದೊಂದಕ್ಕೂ ಚಿಕ್ಕ ರುಜು ಹಾಕಬೇಕು. ಉಳಿದ ಟೀಚರುಗಳ ಪುಸ್ತಕ ಸಿಡುಬು ಎದ್ದ ಮುಖದ ಹಾಗಿರುತ್ತಿತ್ತು. ಇವರದ್ದು ಮಾತ್ರ ಇಪ್ಪತ್ತಾರು ವರ್ಷದಲ್ಲಿ ಒಂದು ಗೆರೆ ಕಾಣದು. ತನಿಖೆಗೆ ಬಂದವರಿಗೆಲ್ಲ ಹೆಡ್‌ಮಾಸ್ತರು ಮೊದಲು ತೋರಿಸುತ್ತಿದ್ದದ್ದು ಅದನ್ನೇ. ತಲೆ ಎತ್ತದೆ, ಒಂದೂವರೆ ನಿಮಿಷದಲ್ಲಿ ನಲವತ್ತನಾಲ್ಕು ನಂಬರು ಕೂಗಿ ಮುಗಿಸುವುದು ಟೀಚರಿಗೆ ಒಂದು ಹೆಮ್ಮೆ. ಕಿವಿಗೆ ಬಿದ್ದರೆ ‘ಹಾ’, ಬೀಳದಿದ್ದರೆ ‘ಗೈ’. ಒಮ್ಮೆ ಬರೆದದ್ದು ಬರೆದದ್ದೇ.

ಹದಿನೇಳರ ಮುಂದೆ ಮೊದಲ ದಿನ ‘ಗೈ’ ಬರೆದು ತಲೆ ಎತ್ತಿದಾಗ ಹುಡುಗಿ ಬೆಂಚಿನಲ್ಲೇ ಇದ್ದಳು. ಟೀಚರಿಗೆ ಮೈ ಉರಿಯಿತು. ಎದುರಿಗಿದ್ದೂ ಉತ್ತರ ಕೊಡದಷ್ಟು ಕೊಬ್ಬು ಅಂತ ಅಂದುಕೊಂಡರು. ಎರಡನೇ ದಿನವೂ ಹಾಗೇ. ನಾಲ್ಕನೇ ದಿನದ ಹೊತ್ತಿಗೆ ಅದು ಹಟವಾಗಿತ್ತು. ನೀನು ಬಾಯಿ ಬಿಡುವ ತನಕ ನಾನು ಪೆನ್ನು ತಿರುಗಿಸುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಹೀಗೆ ನಲವತ್ತೊಂದು ದಿನ.

ಮನೆಯಲ್ಲಿ ಸಂಜೆ ಈ ಜಗಳದ ಕಥೆಯನ್ನು ಹೇಳಿದಾಗ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಎಂಬತ್ತರ ಹತ್ತಿರದ ಮುದುಕಿ. ಹಲ್ಲು ಉದುರಿದ್ದರೂ ಮಾತು ಉದುರಿರಲಿಲ್ಲ.

“ಮಾತಾಡ್ದೇ ಇರೋದು ಅಷ್ಟು ದೊಡ್ಡ ತಪ್ಪಾ?” ಅಂದರು.

“ತಪ್ಪಲ್ದೆ ಮತ್ತೇನತ್ತೆ? ಕೇಳಿದ್ದಕ್ಕೆ ಉತ್ತರ ಬೇಡ್ವಾ?”

“ನನ್ನ ಮಗನ ಜೊತೆ ಇಪ್ಪತ್ತನಾಲ್ಕು ವರ್ಷ ಬಾಳಿದ್ದೀಯ. ಅವನು ಯಾವತ್ತಾದ್ರೂ ಉತ್ತರ ಕೊಟ್ಟಿದ್ದಾನಾ?”

ಪಂಪ್ ರಿಪೇರಿ ಮಾಡುವ ಗಂಡ ಗ್ರೀಸಿನ ಕೈ ತೊಳೆದು ಬಂದು ಪೇಪರು ಹಿಡಿದು ಕೂತಿದ್ದ. ಊಟಕ್ಕೆ ಏಳ್ತೀರಾ ಅಂದರೆ, ಪೇಪರು ಮಡಿಚಿದರೆ ಹೂಂ, ಹಾಳೆ ತಿರುಗಿಸಿದರೆ ಉಹೂಂ. ಈಗ ಅವನು ಹಾಳೆ ತಿರುಗಿಸಿದ.

“ಇವರ ವಿಷಯ ಬೇರೆ” ಎಂದರು ಟೀಚರು.

“ಬೇರೇನೇ. ಇವನ ಹಾಜರಿ ನೀನು ಹಿಡಿಯಲ್ವಲ್ಲ” ಎಂದು ಮುದುಕಿ ಬೆಳ್ಳುಳ್ಳಿಯ ಸಿಪ್ಪೆ ಊದಿದರು.

ತರಬೇತಿ ನಡೆದದ್ದು ಶಾಲೆಯ ಪ್ರಯೋಗಶಾಲೆಯಲ್ಲಿ. ಮಕ್ಕಳಿಗೆ ಮೂರು ದಿನ ರಜ. ಹನ್ನೆರಡು ಟೀಚರುಗಳು ಎತ್ತರದ ಸ್ಟೂಲುಗಳ ಮೇಲೆ ಕಾಲು ನೆಲಕ್ಕೆ ಎಟುಕದೆ ಕೂತರು. ತರಬೇತಿ ಕೊಡಲು ಬಂದವಳು ಇನ್ನೂ ಮೂವತ್ತು ದಾಟದ ತರುಣಿ. ಕೈಯಲ್ಲಿ ಲ್ಯಾಪ್‌ಟಾಪು, ಹೆಗಲ ಚೀಲದ ತುಂಬ ಬಣ್ಣದ ಕಾಗದ. ಬಂದವಳೇ ಗೋಡೆಗೆ ಒಂದು ಚಾರ್ಟ್ ಅಂಟಿಸಿದಳು. ಅದರಲ್ಲಿ ಹನ್ನೆರಡು ಜನರ ಹೆಸರು, ಹೆಸರಿನ ಮುಂದೆ ಖಾಲಿ ಚೌಕ. ಪಕ್ಕದ ಡಬ್ಬಿಯಲ್ಲಿ ನಗುವ ಮುಖ, ಅಳುವ ಮುಖ, ಹಲ್ಲು ಕಚ್ಚಿದ ಮುಖದ ಸ್ಟಿಕ್ಕರುಗಳು. ದಿನಾ ಬೆಳಿಗ್ಗೆ ಬಂದ ಕೂಡಲೇ ಅವತ್ತಿನ ಮನಸ್ಸು ಹೇಗಿದೆಯೋ ಆ ಮುಖ ತೆಗೆದು ತಮ್ಮ ಚೌಕದಲ್ಲಿ ಅಂಟಿಸಬೇಕಂತೆ. ಎಷ್ಟೋ ಮಕ್ಕಳು ಬಾಯಲ್ಲಿ ಹೇಳಲಾರದ್ದನ್ನು ಹೀಗೆ ಹೇಳುತ್ತಾರಂತೆ.

“ನನಗೆ ಐವತ್ತಾಗಿದೆ” ಎಂದು ಟೀಚರು ಪಕ್ಕದಲ್ಲಿದ್ದ ಪಿ.ಟಿ. ಮೇಷ್ಟ್ರ ಕಿವಿಯಲ್ಲಿ ಹೇಳಿದರು. “ಸ್ಟಿಕ್ಕರ್ ಅಂಟಿಸೋ ವಯಸ್ಸಾ ಇದು?”

“ಹಲ್ಲು ಕಚ್ಚಿದ ಮುಖ ನಿಮಗೇ ಅಂತ ಮಾಡಿಸಿದ್ದಾರೆ ಮೇಡಂ” ಎಂದು ಪಿ.ಟಿ. ಮೇಷ್ಟ್ರು ತಾನೊಂದು ನಗುವ ಮುಖ ತೆಗೆದುಕೊಂಡು ಹೋಗಿ ಅಂಟಿಸಿ ಬಂದ. ಟೀಚರು ಕದಲಲಿಲ್ಲ.

ಮೊದಲ ದಿನ ಪರದೆಯ ಮೇಲೆ ಚಿತ್ರಗಳು ಬಂದವು, ಹೋದವು. ಡ್ರಾಯಿಂಗ್ ಮೇಷ್ಟ್ರು ಸ್ಟೂಲಿನ ಮೇಲೇ ತೂಕಡಿಸಿ ಎರಡು ಸಲ ಬೀಳುವುದರಲ್ಲಿದ್ದ. ಆಟಿಸಂ ರೋಗವಲ್ಲ, ಕೊಬ್ಬೂ ಅಲ್ಲ, ತಾಯಿ ಬೆಳೆಸಿದ್ದು ಸರಿಯಿಲ್ಲ ಅಂತಲೂ ಅಲ್ಲ ಎಂದಳು ತರುಣಿ. ಹುಟ್ಟಿನಿಂದಲೇ ಆ ಮಕ್ಕಳ ತಲೆ ಲೋಕವನ್ನು ಬೇರೆ ರೀತಿ ಹಿಡಿಯುತ್ತದೆ. ನಮಗೆ ಕೇಳಿಸದ ಟ್ಯೂಬ್‌ಲೈಟಿನ ಗುಂಯ್ ಕೆಲವರಿಗೆ ಕಿವಿಯೊಳಗೆ ಜೀರುಂಡೆ ಬಿಟ್ಟ ಹಾಗೆ. ಮುಂದೇನಾಗುತ್ತದೆ ಎಂದು ಗೊತ್ತಿದ್ದರೆ ನೆಮ್ಮದಿ, ಗೊತ್ತಿಲ್ಲದಿದ್ದರೆ ದಿಗಿಲು. ಕೆಲವರು ಸರಾಗವಾಗಿ ಮಾತಾಡುತ್ತಾರೆ, ಕೆಲವರಿಗೆ ಮಾತು ಬರುವುದಿಲ್ಲ, ಇನ್ನು ಕೆಲವರಿಗೆ ಮನೆಯಲ್ಲಿ ಬರುವ ಮಾತು ಎಲ್ಲರೆದುರು ಕೇಳಿದಾಗ ಗಂಟಲಲ್ಲೇ ನಿಲ್ಲುತ್ತದೆ.

“ಕೇಳಿದ ತಕ್ಷಣ ಉತ್ತರ ಬರಲಿಲ್ಲ ಅಂದ್ರೆ ಉತ್ತರವೇ ಇಲ್ಲ ಅಂತಲ್ಲ” ಎಂದಳು. “ಹತ್ತು ಎಣಿಸಿ. ಬಾಯಿ ಒಂದನ್ನೇ ಕಾಯಬೇಡಿ. ಕೈ ನೋಡಿ, ಕಣ್ಣು ನೋಡಿ.”

ಟೀಚರಿಗೆ ತಡೆಯಲಾಗಲಿಲ್ಲ. “ಏನಮ್ಮಾ, ಒಂದೊಂದು ಮಗುವಿಗೂ ಹತ್ತು ಎಣಿಸಿದ್ರೆ ನಲವತ್ತನಾಲ್ಕು ಮಕ್ಕಳಿಗೆ ನಾನೂರ ನಲವತ್ತು ಸೆಕೆಂಡು. ಏಳು ನಿಮಿಷದ ಮೇಲಾಯ್ತು. ಪೀರಿಯಡ್ ಇರೋದೇ ಮೂವತ್ತೈದು. ಭಾಗಾಕಾರ ಯಾವಾಗ ಹೇಳಿಕೊಡ್ಲಿ, ಕನಸಲ್ಲಾ?”

ಎಲ್ಲರೂ ನಕ್ಕರು. ತರುಣಿಯ ಕಿವಿ ಕೆಂಪಾಯಿತು, ಆದರೆ ಬಿಡಲಿಲ್ಲ. “ನಲವತ್ತನಾಲ್ಕು ಮಕ್ಕಳಿಗೂ ಎಣಿಸಿ ಅಂತ ನಾನೆಲ್ಲಿ ಹೇಳಿದೆ ಮೇಡಂ? ಯಾರಿಗೆ ಬೇಕೋ ಆ ಒಂದು ಮಗುವಿಗೆ. ಹತ್ತೇ ಸೆಕೆಂಡು.”

ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಿದ್ದಾಗ ಜಗಳವಾಡುವುದು ಟೀಚರಿಗೆ ಆಗದ ಕೆಲಸ. ಎರಡನೇ ದಿನವೂ, ಮೂರನೇ ದಿನವೂ ಸ್ಟಿಕ್ಕರಿನ ಡಬ್ಬಿಯ ಹತ್ತಿರ ಮಾತ್ರ ಹೋಗಲಿಲ್ಲ. ಆದರೆ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಮೂರು ದಿನದಲ್ಲಿ ಹನ್ನೊಂದು ಪುಟ. ಮಿಕ್ಕವರ ಪುಸ್ತಕಗಳಲ್ಲಿ ಹೂವು, ಬಳ್ಳಿ, ಒಂದರಲ್ಲಿ ತರಬೇತಿಯವಳ ಚಿತ್ರವೇ ಇತ್ತು.

ಬುಧವಾರ ಸಂಜೆ ಸರ್ಟಿಫಿಕೇಟು ಹಂಚಿದರು. ಹನ್ನೊಂದು ಜನಕ್ಕೆ ಬಂತು, ಟೀಚರಿಗೆ ಬರಲಿಲ್ಲ.

“ನನ್ನದೆಲ್ಲಿ?”

ತರುಣಿ ಲ್ಯಾಪ್‌ಟಾಪು ನೋಡಿದಳು. “ಮೇಡಂ, ನಿಮ್ಮದು ಮೂರು ದಿನವೂ ಗೈರು ಅಂತ ಬಂದಿದೆ. ದಿನಾ ಮಧ್ಯಾಹ್ನ ಆ ಚಾರ್ಟ್ ಫೋಟೋ ತೆಗೆದು ಕಚೇರಿಗೆ ಕಳಿಸ್ತೀನಿ, ಅದೇ ಹಾಜರಿ. ನಿಮ್ಮ ಚೌಕ ಖಾಲಿ ಇತ್ತು.”

“ಖಾಲಿ ಇತ್ತಾ? ಮೂರು ದಿನ ನಿಮ್ಮ ಮೂಗಿನ ಮುಂದೆ ಕುಂಬಳಕಾಯಿ ಹಾಗೆ ಕೂತಿದ್ದೀನಲ್ರೀ! ನಾನೂರ ನಲವತ್ತು ಅಂತ ಜಗಳ ಆಡಿದ್ಯಾರು, ನನ್ನ ದೆವ್ವಾನಾ? ನಿಮ್ಮ ಕಣ್ಣೇನು—”

ಅಲ್ಲಿಗೆ ಬಾಯಿ ನಿಂತಿತು. ಮುಂದಿನ ಮಾತು ಯಾವುದು, ಅದು ಯಾರದ್ದು ಅಂತ ಅವರಿಗೆ ಗೊತ್ತಿತ್ತು. ನಾಲ್ಕು ದಿನದ ಹಿಂದೆ ಖಾಕಿ ಅಂಗಿಯವಳ ಬಾಯಿಂದ ಕೇಳಿದ್ದು.

“ಅಂಟಿಸಿ ಅಂತ ಹೇಳಿದ್ದೆ ಮೇಡಂ” ಎಂದಳು ತರುಣಿ. ಅದೇನು ಅವಳು ಪಾಠ ಕಲಿಸಲಿಕ್ಕೆ ಹೂಡಿದ ಆಟವಲ್ಲ. ಪಾಪ, ನಿಜವಾಗಿಯೂ ಗಾಬರಿಯಾಗಿದ್ದಳು. “ಎಲ್ಲರಿಗೂ ಒಂದೇ ರೂಲು. ಒಬ್ಬೊಬ್ಬರಿಗೆ ಒಂದೊಂದು ಮಾಡೋಕೆ ನನಗೆ ಅಧಿಕಾರ ಇಲ್ಲ. ಬೇಕಾದ್ರೆ ಪತ್ರ ಬರೆದು ಸರಿ ಮಾಡಿಸ್ತೀನಿ.”

ಹಿಂದಿನಿಂದ ಪಿ.ಟಿ. ಮೇಷ್ಟ್ರು, “ಪ್ರೆಸೆಂಟ್ ಅನ್ಬೇಕಿತ್ತು ಮೇಡಂ!” ಅಂದ. ಕೋಣೆಯೆಲ್ಲ ನಕ್ಕಿತು.

ಬೇರೆ ದಿನವಾಗಿದ್ದರೆ ಅವನಿಗೆ ಆರು ತಿಂಗಳು ಮರೆಯದಂಥ ಉತ್ತರ ಸಿಗುತ್ತಿತ್ತು. ಅವತ್ತು ಟೀಚರು ಚೀಲ ತೆಗೆದುಕೊಂಡು ಮನೆಗೆ ಹೋದರು.

ಗುರುವಾರ ಬೆಳಿಗ್ಗೆ ಆರನೇ ತರಗತಿಯಲ್ಲಿ ಹಾಜರಿ. ಒಂದು, ಎರಡು, ಮೂರು. ಎಂದಿನಂತೆ ತಲೆ ಬಗ್ಗಿಸಿ ಓಡಿಸಿಕೊಂಡು ಬಂದ ಟೀಚರು ಹದಿನಾರಕ್ಕೆ ತಲೆ ಎತ್ತಿದರು. ಮೊದಲ ಬೆಂಚಿನ ಗೋಡೆಯ ತುದಿಯಲ್ಲಿ ಹದಿನೇಳು ಕೂತಿದ್ದಳು. ಎರಡು ಜಡೆ, ಮೊಣಕೈ ತನಕ ಬಂದ ಅಂಗಿ, ಬಲಗೈಯಲ್ಲಿ ನೇರವಾಗಿ ನಿಲ್ಲಿಸಿ ಹಿಡಿದ ಹಳದಿ ಪೆನ್ಸಿಲು. ಕಣ್ಣು ಕಿಟಕಿಯ ಸರಳಿನ ಮೇಲೆ.

“ಹದಿನೇಳು.”

ತರಗತಿ ಒಟ್ಟಿಗೆ ತಲೆ ಎತ್ತಿ ನೋಡಿತು. ಮೆಣಸಿನಕಾಯಿ ಪೆನ್ನು ಎತ್ತಿ ಹಿಡಿದು ಕಾಯುವುದನ್ನು ಮಕ್ಕಳು ನೋಡಿದ್ದೇ ಇಲ್ಲ. ಟೀಚರು ಮನಸ್ಸಿನಲ್ಲೇ ಎಣಿಸಿದರು. ಒಂದು. ಎರಡು. ಮೂರು. ನಾಲ್ಕು. ಐದು.

ಹುಡುಗಿ ಪೆನ್ಸಿಲನ್ನು ಬೆಂಚಿನ ಮೇಲೆ ಅಡ್ಡ ಮಲಗಿಸಿದಳು. ಟಕ್ ಅಂತ ಒಂದು ಸಣ್ಣ ಸದ್ದು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಎತ್ತಿ ನಿಲ್ಲಿಸಿಕೊಂಡಳು.

“ಅದೇನದು?” ಎಂದರು ಟೀಚರು.

ಪಕ್ಕದಲ್ಲಿದ್ದ ಹದಿನೆಂಟು ಎದ್ದು ನಿಂತಳು. “ಪ್ರೆಸೆಂಟ್ ಅಂದ್ಲು ಮಿಸ್. ದಿನಾ ಹಾಗೇ ಅಂತಾಳೆ.”

“ದಿನಾ?”

“ಹೂಂ ಮಿಸ್. ನೀವು ಹತ್ತೊಂಬತ್ತು ಅನ್ನೋ ಹೊತ್ತಿಗೆ ಇಡ್ತಾಳೆ. ನಾನೊಂದು ಸಲ ಹೇಳಿದ್ದೆ. ನೀವು, ‘ಏನೇ, ಅವಳ ವಕೀಲಳಾ ನೀನು, ಕೂತ್ಕೋ’ ಅಂದ್ರಿ.”

ಅಂದದ್ದು ನಿಜವೇ. ಟೀಚರಿಗೆ ನೆನಪಿತ್ತು. ಆ ಮಾತಿಗೆ ತರಗತಿ ನಕ್ಕಿದ್ದೂ ನೆನಪಿತ್ತು.

ಅವತ್ತು ಭಾಗಾಕಾರದ ಪಾಠ. ಟೀಚರು ಬೋರ್ಡಿನ ಮೇಲೆ ಲೆಕ್ಕ ಮಾಡಿ, ಬೇಕಂತಲೇ ಉತ್ತರವನ್ನು ತಪ್ಪು ಬರೆದರು. “ಹದಿನೇಳು, ಇದು ಸರೀನಾ?” ಹತ್ತು ಎಣಿಸಿದರು. ಹದಿನೈದು ಎಣಿಸಿದರು. ಪೆನ್ಸಿಲು ನೆಟ್ಟಗೆ ನಿಂತೇ ಇತ್ತು. ಉತ್ತರ ಅಳಿಸಿ ಸರಿಯಾದದ್ದು ಬರೆದರು. “ಈಗ?” ನಾಲ್ಕಕ್ಕೆ ಟಕ್. ಹಿಂದಿನ ಬೆಂಚಿನ ಐದಾರು ಜನ ಆ ತಪ್ಪು ಉತ್ತರವನ್ನೇ ಆಗಲೇ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದರು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಟೀಚರು ತರಗತಿಯಲ್ಲೇ ಕೂತು ಕೆಂಪು ಪೆನ್ನು ತೆಗೆದರು. ಹದಿನೇಳರ ಸಾಲಿನಲ್ಲಿ ಮೊದಲನೇ ‘ಗೈ’ ಮೇಲೆ ಗೆರೆ ಎಳೆಯುವಾಗ ಕೈ ಸ್ವಲ್ಪ ತಡೆಯಿತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋಗುತ್ತಿದ್ದದ್ದು ಒಂದು ಅಕ್ಷರಕ್ಕೆ. ಎಳೆದರು. ಪಕ್ಕದಲ್ಲಿ ‘ಹಾ’ ಬರೆದರು, ರುಜು ಹಾಕಿದರು. ಎರಡನೆಯದು. ಮೂರನೆಯದು. ಇಪ್ಪತ್ತರ ಹೊತ್ತಿಗೆ ಪುಟ ಗಾಯವಾದ ಹಾಗೆ ಕಾಣತೊಡಗಿತು. ಮೂವತ್ತರ ಹೊತ್ತಿಗೆ ಅದೂ ಒಂದು ಕೆಲಸವಾಯಿತು, ಬೇಗ ಬೇಗ ಆಯಿತು.

ಕಸ ಗುಡಿಸುವ ಆಯಾ ಪೊರಕೆ ಹಿಡಿದು ಬಂದಳು. “ಕಾಲೆತ್ತಿ ಮೇಡಮ್ಮಾ. ಮೇಜು ಸರಿಸ್ತೀನಿ, ಕೆಳಗೆ ಎರಡು ತಿಂಗಳ ಸೀಮೆಸುಣ್ಣದ ಪುಡಿ ಇದೆ.”

ಮೇಜು ಸರಿದಾಗ ಅದರ ಹಿಂದಿನ ಎಡಗಾಲಿನ ಅಡಿಯಿಂದ ನಾಲ್ಕು ಮಡಿಕೆಯ ಒಂದು ಕಾಗದ ಹೊರಬಿತ್ತು. ಮೇಜು ಕುಂಟತೊಡಗಿತು.

“ಇದನ್ನ ಮತ್ತೆ ಇಡ್ಲಾ, ಎಸೀಲಾ?”

“ಕೊಡು ಇಲ್ಲಿ.”

ಗೆರೆಯ ಹಾಳೆ, ಎರಡೂ ಕಡೆ ಬರೆದದ್ದು. ಅಕ್ಷರ ಅಲ್ಲಲ್ಲಿ ಕುಣಿದಿತ್ತು, ಓಡುವ ಗಾಡಿಯಲ್ಲಿ ಕೂತು ಬರೆದ ಹಾಗೆ.

‘ಟೀಚರಿಗೆ ನಮಸ್ಕಾರ. ನನ್ನ ಮಗಳು ಕ್ಲಾಸಿನಲ್ಲಿ ಮಾತಾಡುವುದಿಲ್ಲ, ಮನೆಯಲ್ಲಿ ಸ್ವಲ್ಪ ಆಡುತ್ತಾಳೆ. ಹೌದು ಅಂದರೆ ಕೈಲಿರುವುದನ್ನು ಕೆಳಗೆ ಇಡುತ್ತಾಳೆ. ಇಲ್ಲ ಅಂದರೆ ಇಡುವುದಿಲ್ಲ. ಅವಸರ ಮಾಡಬೇಡಿ, ಸ್ವಲ್ಪ ಹೊತ್ತು ಬೇಕು. ಗಂಟೆ ಹೊಡೆಯುವ ಮುಂಚೆ ಹೇಳಿದರೆ ಕಿವಿ ಮುಚ್ಚಿಕೊಳ್ಳುವುದಿಲ್ಲ. ಗುಣಾಕಾರ ಚೆನ್ನಾಗಿ ಬರುತ್ತದೆ, ನನ್ನ ಟಿಕೆಟ್ಟಿನ ಲೆಕ್ಕ ಅವಳೇ ನೋಡುತ್ತಾಳೆ. ಏನಾದರೂ ತೊಂದರೆ ಆದರೆ ಫೋನ್ ಮಾಡಿ. ಮಧ್ಯಾಹ್ನ ಒಂದರಿಂದ ಒಂದೂವರೆ ನನ್ನ ಬಸ್ಸು ಡಿಪೋದಲ್ಲಿ ನಿಂತಿರುತ್ತದೆ.’

ಟೀಚರಿಗೆ ಆ ದಿನ ಕಣ್ಣಿಗೆ ಕಟ್ಟಿತು. ಶಾಲೆ ಶುರುವಾದ ಮೊದಲ ದಿನ. ಬಾಗಿಲಲ್ಲಿ ಖಾಕಿ ಅಂಗಿ, ಅವಸರ, “ದಯವಿಟ್ಟು ಓದಿ ಟೀಚರ್” ಅನ್ನುವ ಮಾತು. ಒಳಗೆ ನಲವತ್ತನಾಲ್ಕು ಮಕ್ಕಳ ಗದ್ದಲ. ಬರೆಯಲು ಕೂತರೆ ಮೇಜು ಅಲುಗಾಡುತ್ತಿತ್ತು. ಕೈಯಲ್ಲಿ ಒಂದು ಕಾಗದವಿತ್ತು. ಮಡಿಚಿ ತುರುಕಿದರು. ನಲವತ್ತೊಂದು ದಿನ ಮೇಜು ಅಲುಗಾಡಿರಲಿಲ್ಲ.

“ಏನು ಮೇಡಮ್ಮಾ, ಕೆಟ್ಟ ಸುದ್ದೀನಾ?” ಎಂದಳು ಆಯಾ.

“ಹಳೇ ಸುದ್ದಿ” ಎಂದು ಟೀಚರು ಹಾಳೆಯನ್ನು ರಿಜಿಸ್ಟರಿನೊಳಗೆ ಇಟ್ಟುಕೊಂಡರು.

ಶನಿವಾರದ ಸಭೆಗೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ತರಬೇತಿಯವಳೂ ಬಂದಳು. ಕಂಡಕ್ಟರಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಳು. ಮಗಳ ಕೈಯಲ್ಲಿ ಹಳದಿ ಪೆನ್ಸಿಲು. ಟೀಚರು ರಿಜಿಸ್ಟರು ತೆರೆದು ಮೇಜಿನ ಮಧ್ಯಕ್ಕೆ ತಳ್ಳಿದರು. ನಲವತ್ತೊಂದು ಕೆಂಪು ಗೆರೆ ನೋಡಿ ಹೆಡ್‌ಮಾಸ್ತರ ಮುಖ ಹುಣಸೆ ಕಚ್ಚಿದಂತಾಯಿತು.

“ಇದೇನ್ರೀ ಇದು? ನನ್ನನ್ನ ಒಂದು ಮಾತು ಕೇಳ್ದೆ?”

“ಹುಡುಗಿ ದಿನಾ ಬಂದಿದ್ಲು, ದಿನಾ ಉತ್ತರ ಕೊಟ್ಟಿದ್ಲು. ನಾನು ನೋಡಿರಲಿಲ್ಲ. ತಪ್ಪು ನಂದು, ರುಜು ನಂದು.” ಅಧಿಕಾರಿಯ ಕಡೆ ತಿರುಗಿ, “ನೋಟೀಸು ಕೊಡೋದಾದ್ರೆ ಕೊಡಿ” ಎಂದು ಪೆನ್ಸಿಲಿನ ವಿಷಯ ಹೇಳಿದರು.

ಅಧಿಕಾರಿ ಹುಡುಗಿಯನ್ನು ನೋಡಿ, “ಶಾಲೆ ಇಷ್ಟಾನಾ ಮರಿ?” ಎಂದರು. ಟೀಚರು, “ಕಾಯ್ಬೇಕು ಸಾರ್” ಅಂದರು. ಎಲ್ಲರೂ ಕಾದರು. ಪೆನ್ಸಿಲು ಮೇಜಿನ ಮೇಲೆ ಮಲಗಿತು. ಟಕ್.

ಕಂಡಕ್ಟರಮ್ಮನ ಮುಖದ ಗಂಟು ಅವತ್ತು ಮೊದಲ ಸಲ ಸಡಿಲವಾಯಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಹೆಸರು ತೆಗೆಯುವ ಪ್ರಶ್ನೆಯೇ ಇಲ್ಲ, ಹುಡುಗಿ ಇಲ್ಲೇ ಓದಲಿ ಎಂದು ಕಡತದಲ್ಲಿ ಬರೆದರು. ಹೆಡ್‌ಮಾಸ್ತರು ಕಾಲಕ್ಕೆ ತಕ್ಕ ಹಾಗೆ ಬೇಗ ತಿರುಗುವ ಮನುಷ್ಯ. ಹುಣಸೆಯನ್ನು ನುಂಗಿ ನಕ್ಕರು.

“ಮೂರೇ ದಿನದ ತರಬೇತಿ ಸಾರ್! ನಮ್ಮ ಟೀಚರು ಹೇಗೆ ಕಂಡುಹಿಡಿದ್ರು ನೋಡಿ. ಇದನ್ನೇ ವರದೀಲಿ ಬರೆಯೋಣ.”

ತರಬೇತಿಯವಳು ನಾಚಿಕೊಂಡಳು. ಕಂಡಕ್ಟರಮ್ಮ ಟೀಚರ ಕಡೆ ತಿರುಗಿ, ಮೆತ್ತಗಿನ ಧ್ವನಿಯಲ್ಲಿ, “ಹೋಗಲಿ ಬಿಡಿ, ಈಗ್ಲಾದ್ರೂ ಗೊತ್ತಾಯ್ತಲ್ಲ. ನಾನೂ ಅವತ್ತು ಜಾಸ್ತಿ ಕೂಗಾಡಿದೆ. ಮೊದಲ್ನೇ ದಿನ ಇದನ್ನೆಲ್ಲ ಒಂದು ಹಾಳೇಲಿ ಬರೆದು ಕೊಟ್ಟಿದ್ದೆ. ಬಸ್ಸಿನ ಅವಸರದಲ್ಲಿ ಯಾರ ಕೈಗೆ ಕೊಟ್ನೋ ನೆನಪಿಲ್ಲ, ನಿಮಗೆ ತಲುಪಲಿಲ್ಲ ಅಂತ ಕಾಣುತ್ತೆ” ಅಂದಳು.

“ತಲುಪಿರಲ್ಲ ಅಮ್ಮಾ” ಎಂದರು ಹೆಡ್‌ಮಾಸ್ತರು ತಡಮಾಡದೆ. “ಶುರುವಿನ ವಾರ ಕಾಗದ ನೂರೆಂಟು ಬರ್ತವೆ. ಆಫೀಸಲ್ಲೇ ಎಲ್ಲೋ ಕಳೆದಿರುತ್ತೆ.” ಹೇಳಿ ಟೀಚರ ಮುಖ ನೋಡಿದರು. ದಾರಿ ಗುಡಿಸಿ, ನೀರು ಚಿಮುಕಿಸಿ ಇಟ್ಟ ಹಾಗಿತ್ತು. ಸುಮ್ಮನೆ ನಡೆದುಕೊಂಡು ಹೋದರೆ ಆಯಿತು. ಸೋಮವಾರ ಹದಿನೇಳು ಬೆಂಚಿನಲ್ಲಿ ಇರುತ್ತಾಳೆ, ಟೀಚರು ಐದು ಎಣಿಸುತ್ತಾರೆ, ಯಾರಿಗೂ ನಷ್ಟವಿಲ್ಲ.

ಟೀಚರಿಗೆ ಆ ಹುಡುಗಿ ಬೆಂಚಿನಲ್ಲಿ ಇರಬೇಕಿತ್ತು. ಗುರುವಾರದಿಂದ ಅವರಿಗೆ ಬೇಕಾಗಿದ್ದದ್ದು ಅದೊಂದೇ. ಆದರೆ ಗೊತ್ತಿದ್ದೂ ತಪ್ಪು ಉತ್ತರದ ಕೆಳಗೆ ಎರಡು ಗೆರೆ ಎಳೆಯುವುದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ರಿಜಿಸ್ಟರಿನ ಕೊನೆಯ ಪುಟದಿಂದ ಹಾಳೆ ತೆಗೆದು ಮುಂದಿಟ್ಟರು.

“ಕಳೆದಿರಲಿಲ್ಲ. ನನ್ನ ಕೈಗೇ ಕೊಟ್ರಿ. ನಾನು ಓದಲಿಲ್ಲ.”

ಕಂಡಕ್ಟರಮ್ಮ ಹಾಳೆ ಬಿಡಿಸಿದಳು. ಮಡಿಕೆಗಳ ಮಧ್ಯೆ ನಾಲ್ಕು ಕಡೆಯೂ ಮೇಜಿನ ಕಾಲಿನ ಚೌಕನೆಯ ಗುರುತು ಒತ್ತಿ ಹೋಗಿತ್ತು. ಒಂದು ಕಡೆ ಹರಿದೂ ಇತ್ತು. ಅವಳು ಆ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು.

“ಇದೇನಿದು?”

“ಮೇಜು ಕುಂಟ್ತಿತ್ತು. ಕಾಲಡಿಗೆ ಇಟ್ಟೆ.”

ಹೆಡ್‌ಮಾಸ್ತರು ಹಣೆ ಹಿಡಿದುಕೊಂಡರು.

“ಒಂದು ಸಾಲೂ ಓದಲಿಲ್ವಾ?”

“ಇಲ್ಲ.”

“ಅವತ್ತು ರೂಮಲ್ಲಿ ಅಷ್ಟು ಮಾತಾಡಿದ್ರಲ್ಲ, ಕಾನೂನು, ಇಪ್ಪತ್ತಾರು ವರ್ಷ ಅಂತ. ಆಗಲೂ ಇದು ಅಲ್ಲೇ ಇತ್ತಾ?”

“ಅಲ್ಲೇ ಇತ್ತು. ನನಗೆ ನೆನಪೇ ಇರಲಿಲ್ಲ. ಈಗ ಇಡೀ ಹಾಳೆ ಬಾಯಿಪಾಠ ಬರುತ್ತೆ. ಬೇಕಾದ್ರೆ ಕೇಳಿ.”

ಕಂಡಕ್ಟರಮ್ಮ ಕೂಗಾಡಲಿಲ್ಲ. ಅವಳು ಕೂಗಾಡಲಿ ಎಂದು ಟೀಚರು ಕಾದರು. ಕೂಗಾಟಕ್ಕೆ ಎದುರು ನಿಲ್ಲುವುದು ಅವರಿಗೆ ಗೊತ್ತಿತ್ತು. ಅವಳು ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಚಿ ಚೀಲಕ್ಕೆ ಹಾಕಿಕೊಂಡಳು.

“ಇದು ಬೇಕಾಗುತ್ತೆ ನನಗೆ. ನನ್ನ ರೂಟಲ್ಲಿ ಇನ್ನೂ ಮೂರು ಶಾಲೆ ಇದಾವೆ. ಹಾಜರಿ ಸರಿ ಮಾಡಿ ಕೊಟ್ರಿ, ಅದಕ್ಕೆ ಉಪಕಾರ. ಇನ್ನು ಬೇರೆ ಕಡೆ ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ.”

“ಅಮ್ಮಾ, ಈಗ ತಾನೇ ಇಲ್ಲೇ ಓದಲಿ ಅಂತ ಬರೆದಿದ್ದೀನಿ” ಎಂದರು ಅಧಿಕಾರಿ.

“ಬರೆದಿದ್ದು ಓದೋರು ಬೇಕಲ್ಲ ಸಾರ್.”

ತರಬೇತಿಯವಳು, “ಮೇಡಂ ನಿಜ ಹೇಳಿದ್ದಾರೆ, ಅದು ದೊಡ್ಡದಲ್ವಾ? ಇನ್ನು ಮುಂದೆ ಇವರಷ್ಟು ಚೆನ್ನಾಗಿ ಯಾರೂ...” ಎಂದು ಶುರುಮಾಡಿದಳು.

“ದೊಡ್ಡದೇ. ಇಲ್ಲ ಅನ್ನಲ್ಲ” ಎಂದಳು ಕಂಡಕ್ಟರಮ್ಮ. “ಆದ್ರೆ ಸೋಮವಾರದಿಂದ ದಿನಾ ಐದು ಗಂಟೆ ಹೊತ್ತು ಬಸ್ಸಲ್ಲಿ ನಿಂತ್ಕೊಂಡು ನನಗೆ ಇದೇ ಯೋಚನೆ. ಇವತ್ತು ಇನ್ನೇನು ಕಾಲಡಿಗೆ ಹೋಯ್ತೋ ಅಂತ. ನನಗೆ ಚಿಲ್ಲರೆ ಎಣಿಸೋಕಾಗಲ್ಲ.” ಆಮೇಲೆ ಮಗಳ ಕಡೆ ಬಗ್ಗಿ, “ಹೋಗೋಣ್ವಾ?” ಅಂದಳು.

ಟೀಚರು ಎಣಿಸಿದರು, ಕಣ್ಣು ಹಳದಿ ಪೆನ್ಸಿಲಿನ ಮೇಲೆ. ಒಂದು. ಎರಡು. ಮೂರು. ನಾಲ್ಕು. ಐದು ದಾಟಿತು. ಆರು. ಏಳು. ಪೆನ್ಸಿಲು ಹತ್ತರ ತನಕ ನಿಂತಿದ್ದರೆ ಹುಡುಗಿ ಇಲ್ಲೇ ಉಳಿದಳು ಅಂತ ಮನಸ್ಸಿನಲ್ಲಿ ಅಂದುಕೊಂಡರು, ಲೆಕ್ಕಕ್ಕೆ ಅದು ಸಂಬಂಧವಿಲ್ಲದ ಮಾತು ಅಂತ ಗೊತ್ತಿದ್ದೂ.

ಎಂಟಕ್ಕೆ ಹುಡುಗಿ ಪೆನ್ಸಿಲನ್ನು ಹೆಡ್‌ಮಾಸ್ತರ ಮೇಜಿನ ಮೇಲೆ ಮಲಗಿಸಿದಳು.

ತಾಯಿ ಅದನ್ನು ಎತ್ತಿ ಮಗಳ ಕೈಗೆ ಕೊಟ್ಟು, ಇನ್ನೊಂದು ಕೈ ಹಿಡಿದು ಎಬ್ಬಿಸಿದಳು. ಹನ್ನೊಂದು ಗಂಟೆಗೆ ಎರಡು ನಿಮಿಷವಿತ್ತು. “ಈಗ ಗಂಟೆ ಹೊಡೀತಾರೆ ಮರಿ” ಎಂದರು ಟೀಚರು, ಎದ್ದು ನಿಂತು. ಹುಡುಗಿ ಅವರ ಕಡೆ ನೋಡಲಿಲ್ಲ. ತಾಯಿ ಒಂದು ಸಲ ನೋಡಿದಳು, ತಲೆ ಅಲ್ಲಾಡಿಸಿದಳು. ಇಬ್ಬರೂ ವರಾಂಡ ದಾಟಿ, ಅಂಗಳ ದಾಟಿ ಗೇಟಿನ ಹತ್ತಿರ ಹೋಗುವಾಗ ಗಂಟೆ ಹೊಡೆಯಿತು. ಹುಡುಗಿ ಕಿವಿ ಮುಚ್ಚಿಕೊಳ್ಳಲಿಲ್ಲ.

“ಕೋಪ ಅಷ್ಟೇ” ಎಂದರು ಹೆಡ್‌ಮಾಸ್ತರು. “ಸೋಮವಾರ ಬಂದೇ ಬರ್ತಾರೆ, ನೋಡ್ತಿರಿ. ನಿಮಗೂ ಬಾಯಿ ಮುಚ್ಚಿಕೊಂಡು ಇರೋಕೆ ಬರಲ್ಲ, ಮೇಡಂ.”

ಸೋಮವಾರ ಟೀಚರು ಹದಿನಾರಕ್ಕೆ ತಲೆ ಎತ್ತಿ, ಹದಿನೇಳು ಎಂದು ಕೂಗಿ, ಗೋಡೆಯ ತುದಿಯ ಖಾಲಿ ಜಾಗ ನೋಡುತ್ತಾ ಹತ್ತು ಎಣಿಸಿದರು. ಹದಿನೆಂಟು, “ಬಂದಿಲ್ಲ ಮಿಸ್” ಅಂದಳು. ಮಂಗಳವಾರವೂ ಎಣಿಸಿದರು. ಗುರುವಾರ ಬೇರೆ ಶಾಲೆಯಿಂದ ಹುಡುಗಿಯ ವರ್ಗಾವಣೆ ಪತ್ರ ಕೇಳಿ ಕಾಗದ ಬಂತು.